ಪ್ರಣಯ ಉಳಿಯಿತು, ಜಮೀನು ಎಲ್ಲಿ ಹೋಯಿತು?



ಐತಿಹಾಸಿಕ ಕಾದಂಬರಿಯ ಮೇಲಿನ ಸಂಕಿರಣವನ್ನು ನ್ಯಾಮತಿಯಲ್ಲಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಇಲ್ಲೇ ಪಕ್ಕದಲ್ಲಿ ಸಿಂದರು ಆಳಿದ ಬೆಳಗುತ್ತಿ. ಅತ್ತ ಕಡೆ ಸಂತೆಬೆನ್ನೂರಿನ ಪುಷ್ಕರಣಿ. ಬಿ. ವೆಂಕಟಾಚಾರ್ಯರ ಅನುವಾದ, ಗಳಗನಾಥರು, ಮಾಸ್ತಿ, ತ.ರಾ.ಸು. ಇವರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರ ಪಾಲಿಗೆ ನಾನು ಕೈ ಹಾಕುವುದಿಲ್ಲ.

ನನ್ನದು ಹಳೆಯ ತಕರಾರು. ವೈರಿ ಮನೆತನಗಳ ನಡುವಿನ ಪ್ರೇಮ ಎಂದಕೂಡಲೇ ನಮ್ಮ ಕಾದಂಬರಿಕಾರರು ಕೋಟೆ ಹತ್ತಿಬಿಟ್ಟರು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ (1865) ಕನ್ನಡಕ್ಕೆ ಬಂದದ್ದೇ ತಡ, ಕೋಟೆ, ಸೆರೆಮನೆ, ಗುಪ್ತದ್ವಾರ ಸಾಲುಗಟ್ಟಿದವು. ಎರಡು ಮನೆತನಗಳು ಯಾವ ಗದ್ದೆಗಾಗಿ, ಯಾವ ಉಂಬಳಿಗಾಗಿ ಜಗಳ ಆಡಿದವು ಎಂದು ಕೇಳುವವರೇ ಇಲ್ಲವಾದರು. ವಿಮರ್ಶಕರೂ ಕಡಿಮೆಯಿಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಮನೆ ಹಿಸ್ಸೆಯಾಗುತ್ತದೆ, ಹೂವಯ್ಯ ಸೀತೆಯರ ಒಲವು ಅದೇ ಮನೆತನದ ಜಗಳದ ನಡುವೆ ನಲುಗುತ್ತದೆ. ಆದರೆ ಅದನ್ನು ‘ಸಾಮಾಜಿಕ’ ಎಂದು ಬೇರೆ ಕಪಾಟಿಗೆ ಇಟ್ಟೆವು. ಅಲ್ಲಿಂದಾಚೆ ಇತಿಹಾಸಕ್ಕೆ ಖಡ್ಗ, ಸಮಾಜಕ್ಕೆ ಜಮೀನು ಎಂಬ ಹಿಸ್ಸೆ ಖಾಯಂ ಆಯಿತು.

ಇಲ್ಲಿ ಕೂತಿರುವ ಶಾಸನದ ಮೇಷ್ಟ್ರು ತಲೆಯಾಡಿಸುತ್ತಿದ್ದಾರೆ. ಅವರಿಗೆ ಗೊತ್ತು, ನಮ್ಮ ವೀರಗಲ್ಲುಗಳು ಈ ಹಿಸ್ಸೆ ಮಾಡಲಿಲ್ಲ. ತುರುಗೋಳ್, ಪೆಣ್ಬುಯ್ಯಲ್, ಊರಳಿವು, ಗಡಿಕಾಳಗ: ದನ, ಹೆಣ್ಣು, ಊರು, ಎಲ್ಲೆ ನಾಲ್ಕಕ್ಕೂ ಸತ್ತವರ ಕಲ್ಲುಗಳು ಒಂದೇ ನಾಡಿನಲ್ಲಿ ನಿಂತವು.

ಒಂದು ಪ್ರಸಂಗ ಹೇಳುತ್ತೇನೆ, ಅಧ್ಯಕ್ಷರು ಗಡಿಯಾರ ನೋಡಬಾರದು. ನಾನು ಬಲ್ಲ ಎರಡು ಮನೆಗಳವರು ಅಡಿಕೆ ತೋಟದ ಬದುವಿಗಾಗಿ ಕೋರ್ಟು ಹತ್ತಿದ್ದರು. ಈ ಮನೆಯ ಹುಡುಗ ಆ ಮನೆಯ ಹುಡುಗಿಯನ್ನೇ ಹಟ ಹಿಡಿದು ಮದುವೆಯಾದ. ರಾಜಿಯಾಯಿತು ಅಂದುಕೊಂಡಿರಾ? ಬೀಗರು ವಾಯಿದೆಯ ದಿನ ಒಂದೇ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ, ಸೊಸೆ ಕಟ್ಟಿಕೊಟ್ಟ ಒಂದೇ ಬುತ್ತಿಯ ರೊಟ್ಟಿ, ಚಟ್ನಿಪುಡಿ ಹಂಚಿಕೊಂಡು ತಿಂದು, ಕೈ ತೊಳೆದು, ಬೇರೆ ಬೇರೆ ವಕೀಲರ ಹಿಂದೆ ನಿಲ್ಲುತ್ತಿದ್ದರು. ಯಾವ ಕಾದಂಬರಿಯ ಗುಪ್ತದ್ವಾರವೂ ನನಗೆ ಇಷ್ಟು ಕುತೂಹಲ ಹುಟ್ಟಿಸಿಲ್ಲ.

ಇನ್ನು ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ಚನ್ನಗಿರಿ ಸೀಮೆಯ ಸೂಳೆಕೆರೆ, ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಜನ ಹೇಳುವ ಕಥೆಗೆ ಹಲವು ಪಾಠಗಳಿವೆ. ರಾಜಕುಮಾರಿ ಶಾಂತವ್ವ ಒಲಿಯಬಾರದವನಿಗೆ ಒಲಿದಳು, ಕಳಂಕ ಕಳೆಯಲು ಕೆರೆ ಕಟ್ಟಿಸಿದಳು. ನೀರು ನಿಲ್ಲಬೇಕಾದ ನೆಲ ವೇಶ್ಯೆಯರದ್ದು. ಕೆರೆಗೆ ನಮ್ಮ ಹೆಸರಿಟ್ಟರೆ ಕೊಡುತ್ತೇವೆ ಎಂದು ಅವರು ಷರತ್ತು ಹಾಕಿದರು. ಷರತ್ತು ನಡೆಯಿತು. ಪ್ರೇಮಕ್ಕೆ ಬಿದ್ದ ಅರಮನೆಯ ಹೆಣ್ಣು, ನೆಲ ಬಿಡಬೇಕಾದ ಹೆಣ್ಣುಗಳು ಎದುರುಬದುರು ಕೂತು ಕರಾರು ಮಾಡಿಕೊಂಡ ಕಥೆ ಇದು. ಅಷ್ಟು ನೆಲ ಆ ಹೆಂಗಸರ ಕೈಗೆ ಬಂದದ್ದು ಹೇಗೆ? ದಾನವೋ, ಕ್ರಯವೋ, ದೇವಸ್ಥಾನದ ಮಾನ್ಯವೋ? ನೀರು ತುಂಬಿದ ಮೇಲೆ ಅವರು ಹೋದದ್ದು ಎಲ್ಲಿಗೆ? ಇದು ಐತಿಹ್ಯ, ಇತಿಹಾಸವಲ್ಲ ಎಂದು ಕೆಲವರು ನನ್ನ ಬಾಯಿ ಮುಚ್ಚಿಸಿದ್ದಾರೆ. ಸರಿ. ಆದರೆ ಹೆಣ್ಣಿಗೆ ನೆಲವಿತ್ತು, ಬೆಲೆ ಕಟ್ಟುವ ಅಧಿಕಾರವಿತ್ತು ಎಂದು ಒಂದು ಸೀಮೆ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದರೆ ಆ ನಂಬಿಕೆಗೂ ಒಂದು ಇತಿಹಾಸ ಇರಲೇಬೇಕು.

ಹೊನ್ನಾಳಿ, ಚನ್ನಗಿರಿಗಳ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ 1902ರಲ್ಲೇ ಅಚ್ಚಾಗಿವೆ. ಯಾರು ಯಾರಿಗೆ ಎಷ್ಟು ಗದ್ದೆ ಬಿಟ್ಟರು, ಎಲ್ಲೆ ಯಾವುದು ಎಂದು ಅವು ಹೇಳುತ್ತವೆ. ಎರಡು ದಿನದ ಈ ಸಂಕಿರಣದಲ್ಲಿ ಒಬ್ಬ ವಿದ್ಯಾರ್ಥಿಯಾದರೂ ಆ ಸಂಪುಟವನ್ನು ಕಾದಂಬರಿಯ ಪಕ್ಕದಲ್ಲಿಟ್ಟುಕೊಂಡು ಓದುವ ಮನಸ್ಸು ಮಾಡಲಿ. ಬರೆಯುವವರು ಇದ್ದರೆ ಸೂಳೆಕೆರೆಯ ಏರಿಯ ಮೇಲೆ ಒಮ್ಮೆ ನಡೆದುಬನ್ನಿ.