ಲಕ್ಕಿಯ ಸೊಪ್ಪಿನ ಪರೀಕ್ಷೆ



ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಲಕ್ಕಿಯ ಗಿಡವನ್ನು ತಿಳಿಯದವರು ವಿರಳ. ಸಂಸ್ಕೃತದಲ್ಲಿ ಅದು ನಿರ್ಗುಂಡಿ. ಆ ಕಡೆ ಬಹಳ ಮನೆಗಳ ಮಾತಾದ ತೆಲುಗಿನಲ್ಲಿ ವಾವಿಲಿ. ಮೊಣಕಾಲು ಬಾತರೆ ಸೊಪ್ಪನ್ನು ಬಿಸಿಮಾಡಿ ಕಟ್ಟುವರು. ಮೈನೋವಿಗೆ ಸೊಪ್ಪು ಕುದಿಸಿದ ನೀರನ್ನು ಎರೆಯುವರು. ನೋವು ಇಳಿಯಿತೆಂದು ಅಜ್ಜಿಯು ಹೇಳಿದರೆ ನಾವು ಅದನ್ನು ಸುಳ್ಳೆನ್ನಲಾರೆವು. ಆದರೆ ಇಳಿಸಿದ್ದು ಸೊಪ್ಪೋ, ಶಾಖವೋ, ಎರಡು ದಿನದ ವಿಶ್ರಾಂತಿಯೋ?

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಸೊಪ್ಪನ್ನೇ ನೆಚ್ಚಿ ಕುಳಿತವನ ಕೀಲುಗಳು ಸಂಧಿವಾತದಿಂದ ಕೆಡುತ್ತ ಹೋಗಬಹುದು; ಅಂಗಡಿಯ ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವನಿಗೆ ಹೊಟ್ಟೆಯಲ್ಲಿ ಹುಣ್ಣಾಗಬಹುದು.

ಪ್ರಯೋಗಶಾಲೆಯಲ್ಲಿ ಇದನ್ನು ಅಳೆಯುವ ಒಂದು ಕ್ರಮವು 1962ರಲ್ಲಿ ಪ್ರಕಟವಾಯಿತು. ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಎಂಬ ದ್ರವ್ಯವನ್ನು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚಿದರೆ ಕೆಲವು ಗಂಟೆಗಳಲ್ಲಿ ಪಾದವು ಬಾಯುತ್ತದೆ. ಆ ಪಾದವನ್ನು ದ್ರವದಲ್ಲಿ ಅದ್ದಿ, ಏರಿದ ದ್ರವದ ಪ್ರಮಾಣದಿಂದ ಬಾವನ್ನು ಗಂಟೆಗಂಟೆಗೂ ಅಳೆಯುವರು. ಕೆಲವು ಇಲಿಗಳಿಗೆ ಗಿಡದ ಸಾರ, ಕೆಲವಕ್ಕೆ ಗುಣವು ಮೊದಲೇ ತಿಳಿದಿರುವ ಔಷಧ, ಉಳಿದವಕ್ಕೆ ಬರಿಯ ನೀರು. ಈ ನೀರಿನ ಗುಂಪಿಲ್ಲದ ಪರೀಕ್ಷೆಯು ಅಜ್ಜಿಯ ಮಾತಿಗಿಂತ ಕೂದಲೆಳೆಯಷ್ಟೂ ಮೇಲಲ್ಲ. ಮೂಕಪ್ರಾಣಿಯನ್ನು ನೋಯಿಸುವ ಈ ಕ್ರಮವು ನಮಗೆ ಹಿತವೆನಿಸದು. ನಮ್ಮ ದೇಶದಲ್ಲಿ ನೀತಿಸಮಿತಿಯ ಒಪ್ಪಿಗೆಯಿಲ್ಲದೆ ಅದನ್ನು ನಡೆಯಿಸುವಂತಿಲ್ಲ.

ಶ್ರೀಲಂಕೆಯ ವಿದ್ವಾಂಸರು ಲಕ್ಕಿಯ ಬಲಿತ ಹಸಿ ಎಲೆಗಳ ನೀರಿನ ಸಾರವನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟು ಪರೀಕ್ಷಿಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಬಾವು ತಗ್ಗಿದ್ದುಂಟು, ಬಿಸಿ ತಟ್ಟೆಯ ಮೇಲಿನ ಪರೀಕ್ಷೆಯಲ್ಲಿ ನೋವು ಕುಗ್ಗಿದ ಕುರುಹೂ ಕಂಡಿತು. ಆದರೆ ಕ್ಯಾರಗೀನನ್ನಿನ ಬಾವಿನಲ್ಲಿ ಒಂದು ವಿಚಿತ್ರವಿತ್ತು: ಸಾರದ ಪ್ರಮಾಣವು ಹೆಚ್ಚಿದಂತೆ ಗುಣವು ಹೆಚ್ಚಲಿಲ್ಲ, ಇಳಿಯಿತು. ಒಂದು ಲೋಟಕ್ಕೆ ಗುಣವಾದರೆ ಎರಡು ಲೋಟಕ್ಕೆ ಇಮ್ಮಡಿ ಗುಣವೆಂದು ಕಷಾಯ ಕುಡಿಯುವವರು ಇದನ್ನು ಗಮನಿಸತಕ್ಕದ್ದು. ಆಸ್ಪಿರಿನ್ ಔಷಧವು ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಹುಟ್ಟನ್ನು ತಡೆಯುವುದೆಂದು ಜಾನ್ ವೇನ್ ಅವರು 1971ರಲ್ಲಿ ತೋರಿಸಿದ್ದರು. ಲಕ್ಕಿಯ ಗುಣಕ್ಕೂ ಅದು ಒಂದು ಕಾರಣವಿರಬಹುದೆಂದು ಆ ವಿದ್ವಾಂಸರ ಊಹೆ.

ಇಷ್ಟರಿಂದ ಕೆಂಚಾರ್ಲಹಳ್ಳಿಯ ಅಜ್ಜಿಯು ಗೆದ್ದಳೆನ್ನಬಹುದೆ? ಇಲಿಯು ಸಾರವನ್ನು ನುಂಗಿತು. ಅಜ್ಜಿಯು ಸೊಪ್ಪನ್ನು ಮೇಲೆ ಕಟ್ಟಿದಳು. ಅವಳ ಕಟ್ಟನ್ನೇ ಪರೀಕ್ಷಿಸಬೇಕಾದರೆ, ಕೆಲವರ ಮೊಣಕಾಲಿಗೆ ಲಕ್ಕಿಯನ್ನೂ ಕೆಲವರ ಮೊಣಕಾಲಿಗೆ ಅಷ್ಟೇ ಬಿಸಿಯಾದ ಬೇರೆ ಸೊಪ್ಪನ್ನೂ ಕಟ್ಟಬೇಕು; ಯಾರಿಗೆ ಯಾವುದೆಂಬುದು ಕಟ್ಟಿಸಿಕೊಂಡವರಿಗೂ ತಿಳಿಯಬಾರದು, ಅಳೆಯುವವರಿಗೂ ತಿಳಿಯಬಾರದು. ಮೂಸಿದೊಡನೆ ಲಕ್ಕಿಯ ಗುರುತು ಸಿಕ್ಕಿಬಿಡುವುದೇ ಅಲ್ಲಿನ ತೊಡಕು.