ಅಡಕೆಯ ತೋಟದಲ್ಲಿ ಹೊಸ ಮದ್ದು



ರೈತನು ಹೊಸತನ್ನು ಒಲ್ಲನೆಂಬ ಮಾತು ಪಟ್ಟಣವಾಸಿಗಳಾದ ನಮ್ಮ ಬಾಯಲ್ಲಿ ಬಹು ಸುಲಭವಾಗಿ ಬರುವುದು. ಮಲೆನಾಡಿನ ಅಡಕೆಯ ತೋಟವೊಂದನ್ನು ಹೊಕ್ಕು ಈ ಮಾತನ್ನು ಒರೆಗೆ ಹಚ್ಚಿ ನೋಡೋಣ.

ಮುಂಗಾರು ಬಲಿತಾಗ ಅಡಕೆಯ ಗೊನೆಗೆ ಕೊಳೆರೋಗ ತಗಲುತ್ತದೆ. ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಒಂದು ಮಳೆಗಾಲ ಎಚ್ಚರ ತಪ್ಪಿದರೆ ವರುಷದ ಜೀವನಕ್ಕೇ ಸಂಚಕಾರ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೀಲಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದು 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹೆಸರಾದ ಮದ್ದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದೇ ಇಂದಿಗೂ ವಾಡಿಕೆಯಲ್ಲಿರುವ ಪ್ರಮಾಣ.

ಪರದೇಶದ ಈ ಮದ್ದು ಮಲೆನಾಡಿನಲ್ಲಿ ಮನೆಮಾತಾದುದು ಹೇಗೆ? ಮೊದಲನೆಯದಾಗಿ, ಅದು ತೋಟದವನೇ ಚೆನ್ನಾಗಿ ಬಲ್ಲ ಕಷ್ಟಕ್ಕೆ ಪರಿಹಾರವಾಗಿದ್ದಿತು. ಎರಡನೆಯದಾಗಿ, ಹತ್ತು ಮರಗಳಿಗೆ ಹೊಡೆದು ಹತ್ತನ್ನು ಹಾಗೆಯೇ ಬಿಟ್ಟರೆ, ಅದೇ ಮಳೆಗಾಲದಲ್ಲಿ ಭೇದವು ಕಣ್ಣಿಗೆ ಕಾಣುತ್ತಿತ್ತು. ತಪ್ಪಿದರೂ ನಷ್ಟ ಅಲ್ಪ. ಮೂರನೆಯದಾಗಿ, ಬೇಲಿಯಾಚೆಯ ನೆರೆಯವನ ಗೊನೆಯೇ ಸಾಕ್ಷಿ ಹೇಳುತ್ತಿತ್ತು. ಇಂತಹ ಸಾಕ್ಷಿಯ ಬಲ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಅಯೋವಾ ಪ್ರಾಂತದಲ್ಲಿ ಮಿಶ್ರತಳಿಯ ಮುಸುಕಿನ ಜೋಳವು ಹರಡಿದ ಬಗೆಯನ್ನು ಕುರಿತು 1943ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು: ಸುದ್ದಿ ತಂದವರು ಬೀಜದ ವ್ಯಾಪಾರಿಗಳು, ನಂಬಿಕೆ ತಂದವರು ನೆರೆಹೊರೆಯವರು.

ಆದರೆ ನಂಬಿಕೆಯೊಂದೇ ಸಾಲದು. ಮಳೆ ಹಿಡಿಯುವ ಮುನ್ನ ಮೈಲುತುತ್ತ ಕೈಗೆ ಸಿಕ್ಕಬೇಕು. ಮರವೇರುವ ಕೊನೆಗಾರ ದೊರೆಯಬೇಕು. ಸುಮಾರು ನಲವತ್ತು ದಿನಗಳ ತರುವಾಯ ಮತ್ತೊಮ್ಮೆ ಹೊಡೆಯಬೇಕು. ಈಗ ಕೊನೆಗಾರರು ವಿರಳರಾಗಿದ್ದಾರೆ. ನೆಲದ ಮೇಲೆ ನಿಂತೇ ಔಷಧ ಹೊಡೆಯಲು ಕಾರ್ಬನ್ ಫೈಬರಿನ ಹಗುರವಾದ ದೋಟಿ ಬಂದಿದೆ. ಅದರ ಉಪಯೋಗವನ್ನು ಸಣ್ಣ ಹಿಡುವಳಿಯವನು ಅರಿಯದವನಲ್ಲ. ಬೆಲೆಯನ್ನು ಕೇಳಿ ಹಿಂಜರಿಯುತ್ತಾನೆ. ಅರ್ಧ ಎಕರೆ ತೋಟಕ್ಕೆ ಅಷ್ಟು ಹಣ ತೊಡಗಿಸಿದರೆ ಅದು ಎಂದು ಮರಳೀತೆಂದು ಎಣಿಸುವವನನ್ನು ಮೂಢನೆನ್ನುವುದು ನ್ಯಾಯವೆ? ನಾಲ್ಕಾರು ಮನೆಯವರು ಕೂಡಿ ಒಂದನ್ನು ಕೊಂಡರೆ ಆ ಭಾರ ಹಗುರಾಗುವುದು.

ಆದುದರಿಂದ ಹಳ್ಳಿಗೆ ಹೊಸ ಸಾಧನವನ್ನು ಒಯ್ಯುವವರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ಇದನ್ನು ಸ್ವಲ್ಪದರಲ್ಲಿ ಪರೀಕ್ಷಿಸಬಹುದೆ? ಸಕಾಲದಲ್ಲಿ ಇದು ದೊರೆಯುವುದೆ? ಕೈಗೂಡದಿದ್ದರೆ ನಷ್ಟವನ್ನು ಹೊರುವವರು ಯಾರು? ಇವಕ್ಕೆ ತಕ್ಕ ಉತ್ತರ ದೊರೆತೆಡೆ ರೈತನು ಹೊಸತಿಗೆ ಬೆನ್ನು ತೋರುವವನಲ್ಲ. ಮಲೆನಾಡಿನ ತೋಟಗಳು ಇದಕ್ಕೆ ಪ್ರಮಾಣವಾಗಿವೆ.