ಸಂಶೋಧನೆಯೂ ದಾನವೇ: ಜೈನ ಸಮಾಜ ಬರೆದಿಡಬೇಕಾದ ಲೆಕ್ಕ
(ಉಪನ್ಯಾಸದ ಲಿಖಿತ ರೂಪ)



ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರು ಕೇಳದ ಜೈನ ಮನೆಯಿಲ್ಲ. ಬಸದಿಯ ಜೀರ್ಣೋದ್ಧಾರ, ಪಂಚಕಲ್ಯಾಣ, ವಿದ್ಯಾರ್ಥಿನಿಲಯ, ಧರ್ಮಾರ್ಥ ಚಿಕಿತ್ಸಾಲಯ ಮೊದಲಾದವುಗಳಿಗೆ ಸಮಾಜವು ಧಾರಾಳವಾಗಿ ಕೊಡುತ್ತ ಬಂದಿದೆ. ಆದರೆ ರೋಗ ಬಂದ ಮೇಲೆ ಮದ್ದು ಕೊಡುವುದು ಒಂದು. ರೋಗ ಏಕೆ ಬಂದಿತೆಂದು ಅರಿಯುವ ವಿದ್ಯೆಗೆ ನೆರವಾಗುವುದು ಇನ್ನೊಂದು. ಈ ಎರಡನೆಯದು ಔಷಧದಾನವೂ ಹೌದು, ಶಾಸ್ತ್ರದಾನವೂ ಹೌದು. ವಿಶ್ವವಿದ್ಯಾಲಯದ ಸಂಶೋಧನೆ ಸಾಮಾನ್ಯರ ಆರೋಗ್ಯವನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಮೈಸೂರು, ಪುಣೆ, ಮುಂಬಯಿಗಳಲ್ಲಿ ನಡೆದ ಕೆಲಸವೇ ಸಾಕ್ಷಿ. ಮೂರು ಊರುಗಳಲ್ಲಿಯೂ ಪರಿಶೀಲನೆಗೆ ಬಂದ ವಸ್ತು ಒಂದೇ: ಗರ್ಭಿಣಿಯ ಊಟದ ತಟ್ಟೆ.

ಇದರ ಮೂಲ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿದೆ. ಅಲ್ಲಿ 1911ರಿಂದ ಸೂಲಗಿತ್ತಿಯರೂ ಆರೋಗ್ಯ ಸಂದರ್ಶಕಿಯರೂ ಪ್ರತಿ ಕೂಸಿನ ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಡಾ. ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ದಶಕಗಳ ನಂತರ ಆ ಪುಸ್ತಕಗಳನ್ನು ತೆರೆದರು. ಒಂದು ವರ್ಷದ ಪ್ರಾಯದಲ್ಲಿ ತೂಕ ಕಡಿಮೆಯಿದ್ದ ಗಂಡಸರಲ್ಲಿ ಹೃದ್ರೋಗದ ಸಾವು ಹೆಚ್ಚೆಂಬ ಅಂಶವನ್ನು 1989ರಲ್ಲಿ ಪ್ರಕಟಿಸಿದರು. ವೃದ್ಧಾಪ್ಯದ ಕಾಯಿಲೆಗೆ ತಾಯಿಯ ಗರ್ಭದಲ್ಲಿಯೇ ಬೀಜವಿರಬಹುದೆಂಬ ವಿಚಾರ ಹೀಗೆ ಬಲಗೊಂಡಿತು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿಯೂ ಅಂತಹ ದಾಖಲೆಗಳಿದ್ದವು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರ ಪೈಕಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಜನರಿಗೆ ಹೃದ್ರೋಗವಿತ್ತು; ಮೂರು ಕಿಲೋ ನೂರು ಗ್ರಾಂ ಮೀರಿದವರಲ್ಲಿ ಅದು ಶೇ. 3 ಮಾತ್ರ. ಆ ತೂಕಗಳನ್ನು ಬರೆದಿಟ್ಟ ದಾದಿಯರ ಹೆಸರು ಯಾರಿಗೂ ತಿಳಿಯದು. ಅವರ ಲೆಕ್ಕ ಮಾತ್ರ ಅರವತ್ತು ವರ್ಷಗಳ ಬಳಿಕ ಕೆಲಸಕ್ಕೆ ಬಂದಿತು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮುಂತಾದವರೊಡನೆ 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಅಧ್ಯಯನ ಆರಂಭಿಸಿದರು. ಅಲ್ಲಿನ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಸೌತಾಂಪ್ಟನ್ನಿನ ಕೂಸುಗಳದು ಸುಮಾರು 3.5 ಕಿಲೋ. ಆದರೂ ಇಲ್ಲಿನ ಕೂಸಿನ ದೇಹದಲ್ಲಿ ಕೊಬ್ಬಿನ ಪ್ರಮಾಣ ಅದಕ್ಕೆ ತಕ್ಕಷ್ಟು ಕುಗ್ಗಿರಲಿಲ್ಲ, ಕುಗ್ಗಿದ್ದುದು ಮಾಂಸಖಂಡ. ನೋಟಕ್ಕೆ ತೆಳ್ಳಗಿರುವ ಭಾರತೀಯನಿಗೂ ಸಕ್ಕರೆ ಕಾಯಿಲೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ದೊರೆಯಿತು.

ಜೈನ ಸಮಾಜಕ್ಕೆ ನೇರವಾಗಿ ತಾಗುವ ಅಂಶ ಮುಂದಿನದು. ಆ ಹಳ್ಳಿಗಳ ಗರ್ಭಿಣಿಯರಲ್ಲಿ ಸುಮಾರು ಶೇ. 60 ಮಂದಿಗೆ ಬಿ12 ಜೀವಸತ್ತ್ವದ ಕೊರತೆಯಿತ್ತು. ಮೈಸೂರಿನಲ್ಲಿ 1990ರ ದಶಕದ ಕೊನೆಯಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿಯೂ ಈ ಕೊರತೆ ಶೇ. 43ರಷ್ಟಿತ್ತು. ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ, ಆರನೆಯ ವಯಸ್ಸಿಗೇ, ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಹೆಚ್ಚಾಗಿ ಕಂಡುಬಂದಿತೆಂದು 2008ರಲ್ಲಿ ಪುಣೆಯ ತಂಡ ಪ್ರಕಟಿಸಿತು. ಮುಂದೆ ಸಕ್ಕರೆ ಕಾಯಿಲೆಗೆ ದಾರಿಮಾಡುವ ಸ್ಥಿತಿಯಿದು.

ಮುಂಬಯಿಯ ಪ್ರಯೋಗ 2006ರಲ್ಲಿ ಆರಂಭವಾಯಿತು. ಕೊಳೆಗೇರಿಗಳ 6,513 ಮಹಿಳೆಯರನ್ನು ಎರಡು ಗುಂಪು ಮಾಡಿ, ಗರ್ಭ ಧರಿಸುವ ಮೊದಲಿನಿಂದಲೇ ನಿತ್ಯ ಒಂದು ತಿಂಡಿ ಕೊಡಲಾಯಿತು. ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಸೇರಿದ ತಿಂಡಿ. ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿಯಂತಹ ಪದಾರ್ಥಗಳ ತಿಂಡಿ. ಒಟ್ಟಾರೆಯಾಗಿ ಕೂಸುಗಳ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಂಶೋಧಕರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಆದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಎರಡನೆಯ ಗುಂಪಿನಲ್ಲಿ ಶೇ. 12.4 ಇದ್ದರೆ, ಸೊಪ್ಪು ಹಾಲುಗಳ ಗುಂಪಿನಲ್ಲಿ ಶೇ. 7.3 ಮಾತ್ರ. ಲಾಭದಂತೆ ನಷ್ಟವನ್ನೂ ತೋರಿಸುವ ಲೆಕ್ಕಪತ್ರವನ್ನೇ ನಂಬಬಹುದು. ಇನ್ನೊಂದು ಮಾತು: ಆ ತಿಂಡಿಯಲ್ಲಿ ಸಸ್ಯಾಹಾರಿ ಮನೆಗೆ ಹೊರತಾದುದು ಏನೂ ಇರಲಿಲ್ಲ.

ಬಿ12 ಕೊರತೆಯ ಮಾತೆತ್ತಿದೊಡನೆ ಸಮಾಜದ ಕೆಲವು ಹಿರಿಯರು ಸಂಕೋಚಪಡುವುದುಂಟು. ಇದು ಅಹಿಂಸಾಹಾರದ ಮೇಲಿನ ಆಕ್ಷೇಪವಾದೀತೆಂಬ ಅಂಜಿಕೆ ಅವರದು. ಆ ಅಂಜಿಕೆಗೆ ಆಧಾರವಿಲ್ಲ. ಈ ಸತ್ತ್ವವನ್ನು ಸಸ್ಯವೂ ಉಂಟುಮಾಡದು, ಪ್ರಾಣಿಯೂ ಉಂಟುಮಾಡದು, ಉಂಟುಮಾಡುವವು ಸೂಕ್ಷ್ಮಾಣುಜೀವಿಗಳು. ಔಷಧದ ಬಿ12 ಕೂಡ ಹುದುಗುವಿಕೆಯಿಂದಲೇ ತಯಾರಾಗುತ್ತದೆ; ಜೆಲಟಿನ್ ಕವಚವಿಲ್ಲದ ಮಾತ್ರೆಗಳೂ ದೊರೆಯುತ್ತವೆ. ಸಸ್ಯಾಹಾರಿಗೆ ಹಾಲು ಮೊಸರುಗಳೇ ಇದರ ಮುಖ್ಯ ಮೂಲವಾದುದರಿಂದ, ಹಾಲನ್ನೂ ಬಿಟ್ಟ ಇಂದಿನ ತರುಣ ತರುಣಿಯರು ಮತ್ತಷ್ಟು ಎಚ್ಚರದಿಂದಿರಬೇಕು. ಆಕ್ಷೇಪಕ್ಕೆ ಆಸ್ಪದ ಕೊಡುವುದು ಕೊರತೆಯನ್ನು ಅಡಗಿಸಿಡುವ ನಡತೆ. ಕೊರತೆಯನ್ನು ಒಪ್ಪಿ, ಅಳೆದು, ತುಂಬಿಕೊಂಡ ಸಸ್ಯಾಹಾರಕ್ಕೆ ಯಾರೂ ದೋಷ ಹೇಳಲಾರರು.

ಅಜ್ಜಿಯ ಪಾದ ಜೋಮು ಹಿಡಿದರೆ, ಅಜ್ಜನ ನೆನಪು ಮಸುಕಾದರೆ, ಸೊಸೆ ಸದಾ ಆಯಾಸವೆಂದರೆ, ಮನೆಗಳಲ್ಲಿ ಕೇಳಿಬರುವ ಉತ್ತರ 'ವಯಸ್ಸಾಯಿತು' ಅಥವಾ 'ಕೆಲಸ ಹೆಚ್ಚಾಯಿತು' ಎಂಬುದು. ಇವೆಲ್ಲಕ್ಕೂ ಬಿ12 ಕೊರತೆ ಕಾರಣವಾಗಿರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಈ ಕೊರತೆಯ ಸಂಭವ ಹೆಚ್ಚು. ಒಂದು ರಕ್ತಪರೀಕ್ಷೆ, ವೈದ್ಯರ ಒಂದು ಚೀಟಿ ಸಾಕಾಗುವಲ್ಲಿ ನರಗಳು ಕೆಡುವವರೆಗೆ ಕಾಯುವುದು ಪ್ರಮಾದವೇ ಸರಿ. ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸುವ ನಿಯಮವನ್ನು ಅನೇಕ ಮನೆಗಳು ಪಾಲಿಸುತ್ತವೆ. ಗರ್ಭಿಣಿಗೂ ಬಾಣಂತಿಗೂ ಅದೇ ನಿಯಮವನ್ನು ಹೇರಬೇಕೆಂದು ಶಾಸ್ತ್ರ ಒತ್ತಾಯಿಸುವುದಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಮಾಡಬೇಕೆಂದೇ ಹೇಳಿದೆ.

ಸರ್ಕಾರದ ಹೊಣೆಯನ್ನೂ ಇಲ್ಲಿ ಹೇಳಲೇಬೇಕು. 2018ರ ರಕ್ತಹೀನತೆ ಮುಕ್ತ ಭಾರತ ಯೋಜನೆಯಲ್ಲಿ ಗರ್ಭಿಣಿಗೆ ನೀಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇವೆ, ಬಿ12 ಇಲ್ಲ. ಫೋಲಿಕ್ ಆಮ್ಲ ಅತ್ಯಗತ್ಯ, ಅದನ್ನು ಯಾರೂ ನಿಲ್ಲಿಸಬಾರದು. ಆದರೆ ಅದರ ಜೊತೆಗೆ ಬಿ12 ಏಕಿಲ್ಲ ಎಂಬ ಪ್ರಶ್ನೆಯನ್ನು ಪುಣೆಯ ಫಲಿತಾಂಶ ಎತ್ತಿದೆ. ಉತ್ತರ ಕೊಡಬೇಕಾದವರು ನೀತಿ ರೂಪಿಸುವವರು. ಪುಣೆಯ ಅಧ್ಯಯನಕ್ಕೆ ಹಣ ಬಂದುದು ಬ್ರಿಟನ್ನಿನ ವೆಲ್ಕಮ್ ಟ್ರಸ್ಟಿನಿಂದ. ಭಾರತವು ಸಂಶೋಧನೆಗೆ ವಿನಿಯೋಗಿಸುವುದು ರಾಷ್ಟ್ರೀಯ ಉತ್ಪನ್ನದ ಶೇ. 0.64ರಷ್ಟು ಮಾತ್ರ. ಪುಣೆಯ ತಾಯಿಯ ತಟ್ಟೆಯ ಲೆಕ್ಕ ಬರೆಯಲು ಪರದೇಶದ ದತ್ತಿಯೇ ಬೇಕಾಯಿತೆಂಬುದು ಆಳುವ ಪಕ್ಷಗಳೆಲ್ಲವೂ ತಲೆತಗ್ಗಿಸಬೇಕಾದ ಸಂಗತಿ.

ಸರ್ಕಾರದ ದಾರಿ ಕಾಯದೆ ಸಮಾಜವೇ ಮಾಡಬಹುದಾದ ಕೆಲಸ ಮೂರಿವೆ. ಬಸದಿಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಬಿ12 ಪರೀಕ್ಷೆಯನ್ನೂ ಸೇರಿಸುವುದು ಮೊದಲನೆಯದು. ಸಂಘಗಳು ವಾರ್ಷಿಕ ದಾನದ ಒಂದು ಪಾಲನ್ನು ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಮೀಸಲಿಡುವುದು ಎರಡನೆಯದು. ಉದ್ಯಮಿಗಳು ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನೂ ಇದಕ್ಕೆ ಬಳಸಲು ಅವಕಾಶವಿದೆ. ಮೂರನೆಯದಕ್ಕೆ ಹಣವೇ ಬೇಡ. ಸಂಶೋಧಕರು ಮನೆಬಾಗಿಲಿಗೆ ಬಂದಾಗ ವಿಷಯ ತಿಳಿದು, ಒಪ್ಪಿಗೆಯಿತ್ತು, ಸತ್ಯವಾದ ಉತ್ತರ ಕೊಡುವುದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಜೈನರು 44.5 ಲಕ್ಷ. ಸಾಕ್ಷರತೆಯ ಅಂಕಿಯನ್ನು ಸಮಾಜ ಅಭಿಮಾನದಿಂದ ಹೇಳಿಕೊಳ್ಳುತ್ತದೆ. ತಾಯಂದಿರ ರಕ್ತದ ಅಂಕಿಯನ್ನೂ ಅಷ್ಟೇ ನಿಸ್ಸಂಕೋಚವಾಗಿ ಬರೆದಿಡುವ ದಿನ ಬರಬೇಕು. ಪುಣೆಯ ಆ ಹಳ್ಳಿಗಳಲ್ಲಿ ಅಧ್ಯಯನದ ಕಾಲಕ್ಕೆ ಹುಟ್ಟಿದ ಮಕ್ಕಳೇ ಬೆಳೆದು, 2012ರಲ್ಲಿ ಆರಂಭವಾದ ಬಿ12 ಪ್ರಯೋಗದಲ್ಲಿ ಪಾಲ್ಗೊಂಡರು. ತಾಯಂದಿರು ಕೊಟ್ಟ ಲೆಕ್ಕವನ್ನು ಅವರು ಮುಂದುವರಿಸಿದರು. ಹಳ್ಳಿಯ ಆ ರೈತ ಕುಟುಂಬಗಳಿಗೆ ಸಾಧ್ಯವಾದುದು ವಿದ್ಯಾವಂತ ಸಮಾಜಕ್ಕೆ ಅಸಾಧ್ಯವಾಗಬಾರದು.

ಜೈ ಜಿನೇಂದ್ರ.